ಕೈ ನೋಡಬಾರದು

ಮೊಳಕಾಲ್ಮೂರಿನಿಂದ ಫೋನ್ ಬಂದು, ಟೈಪ್ ಮೇಡಂ ಹೋದರು ಎಂದು ಗೊತ್ತಾದ ದಿನ ಸಂಜೆ, ಅವರನ್ನು ನೆನಪಿಸಿಕೊಳ್ಳಲು ಕುಳಿತೆ. ಮುಖ ಬಂತು. ದನಿ ಬಂತು. ಸೆರಗಿನ ತುದಿಯಲ್ಲಿ ಕನ್ನಡಕ ಒರೆಸುವಾಗ ಕಿರಿದಾಗುತ್ತಿದ್ದ ಕಣ್ಣೂ ಬಂತು. ಕೈ ಮಾತ್ರ ಬರಲಿಲ್ಲ. ಬೆರಳು ಉದ್ದವಿದ್ದವೋ ಗಿಡ್ಡವೋ, ಬಳೆ ಗಾಜಿನದೋ ಪ್ಲಾಸ್ಟಿಕ್ಕಿನದೋ, ಏನೂ ಗೊತ್ತಾಗಲಿಲ್ಲ. ಕೈಯಿಂದಲೇ ಬದುಕಿದ, ಚಳ್ಳಕೆರೆಯ ಎಷ್ಟೋ ಗುಮಾಸ್ತರ ಕೈಯನ್ನು ಟೈಪಿಂಗಿಗೆ ಪಳಗಿಸಿದ ಹೆಂಗಸಿನ ಕೈಯೇ ನೆನಪಿಲ್ಲವೆಂದರೆ ನನ್ನ ನೆನಪನ್ನು ನಾನು ಎಷ್ಟು ನಂಬಬೇಕು? ಇಷ್ಟು ವರ್ಷ ದಿನಚರಿ ಬರೆಯುತ್ತ ಬಂದವಳು ನಾನು. ಆದರೆ ಅದರಲ್ಲಿ ಸಿಗುವುದು ಬಸ್ಸು ತಡವಾದದ್ದು, ಸೆಕೆ, ಕಾಲೇಜಿನ ಜಗಳ. ಮನುಷ್ಯರು ಅದರಲ್ಲಿ ಕಡಿಮೆ. ಹಾಗಾಗಿ ಇಲ್ಲಿ ಬರೆಯುತ್ತಿರುವುದು ನನ್ನ ತಲೆಯಲ್ಲಿ ಉಳಿದದ್ದು. ಅಲ್ಲಲ್ಲಿ ನಾನೇ ಸೇರಿಸಿದ್ದೂ ಇರಬಹುದು.

ತೊಂಬತ್ತರ ದಶಕದಲ್ಲಿ ಅವರ ಇನ್‌ಸ್ಟಿಟ್ಯೂಟ್ ಇದ್ದದ್ದು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಒಂದು ಎಣ್ಣೆ ಮಿಲ್ಲಿಗೆ ಅಂಟಿಕೊಂಡ ಉದ್ದನೆಯ ಕೋಣೆಯಲ್ಲಿ. ಗೋಡೆಯ ಆಚೆಯಿಂದ ಕಡಲೆಕಾಯಿ ಹಿಂಡಿಯ ವಾಸನೆ, ಈಚೆ ರಿಬ್ಬನ್ನಿನ ಶಾಯಿಯ ವಾಸನೆ. ಪಿಯುಸಿ ಮುಗಿಸಿದ ಬೇಸಿಗೆಯಲ್ಲಿ ನಾನು ಅಲ್ಲಿಗೆ ಸೇರಿದೆ. ಮೊದಲ ದಿನವೇ ನನ್ನ ಎರಡೂ ಕೈಗಳ ಮೇಲೆ ಅವರು ಒಂದು ರಟ್ಟಿನ ಮುಚ್ಚಳ ಕವುಚಿದರು. ಅದು ರೇಷ್ಮೆ ಸೀರೆಯ ಡಬ್ಬಿಯ ಮುಚ್ಚಳ. ಮೊಳಕಾಲ್ಮೂರಿನಲ್ಲಿ ಅವರದು ನೇಯ್ಗೆಯ ಮನೆ. ಸೀರೆ ವ್ಯಾಪಾರ ಮಾಡುತ್ತಿದ್ದ ಅವರ ತಮ್ಮನ ಅಂಗಡಿಯಿಂದ ಬಂದ ಮುಚ್ಚಳಗಳಿಗೆ ಒಂದು ಪಕ್ಕ ಕತ್ತರಿಸಿ, ಕೈ ತೂರುವಷ್ಟು ಜಾಗ ಮಾಡಿಟ್ಟಿದ್ದರು. ಮುಚ್ಚಳದ ಕೆಳಗೆ ಕೈ ಕುರುಡಾಗಿ ‘ಎ ಎಸ್ ಡಿ ಎಫ್ ಜಿ ಎಫ್’ ಹುಡುಕುತ್ತಿತ್ತು. ನಾನು ಮುಚ್ಚಳ ಎತ್ತಿ ಇಣುಕಿದೆ.

"ಕೈ ನೋಡ್ಬೇಡ ಕಣೇ," ಎಂದರು. "ನೋಡಿದ್ರೆ ಕೈ ನಾಚ್ಕಂತೈತೆ. ನಾಚ್ಕಂಡ ಕೈ ಕೆಲ್ಸ ಮಾಡಲ್ಲ."

"ತಪ್ಪಾದ್ರೆ ಮೇಡಂ?"

"ತಪ್ಪಾದ್ರೆ ಹಾಳೆ ಹೇಳ್ತೈತೆ. ನಿನ್ ಕಣ್ಣು ಹಾಳೆ ಮೇಲಿರ್ಲಿ. ಕೈನಾ ಅದರ ಪಾಡಿಗೆ ಬಿಡು."

ಈ ನಿಯಮ ಅವರಿಗೂ ಅನ್ವಯಿಸುತ್ತಿತ್ತು. ಅವರು ಟೈಪ್ ಮಾಡಿ ತೋರಿಸುವಾಗ ನಾವು ಅವರ ಬೆರಳು ನೋಡುವಂತಿರಲಿಲ್ಲ. ರೋಲರಿನ ಮೇಲೆ ಅಕ್ಷರ ಮೂಡುವುದನ್ನೇ ನೋಡಬೇಕು. ಅವರ ಕೈ ನನಗೆ ನೆನಪಾಗದಿರುವುದಕ್ಕೆ ಇದೇ ಕಾರಣವಿರಬಹುದು. ಅಥವಾ ಇದು ನನ್ನ ಮರೆವಿಗೆ ನಾನು ಕೊಟ್ಟುಕೊಳ್ಳುವ ಸಬೂಬೂ ಆಗಿರಬಹುದು.

ಇನ್ನೊಂದು ಸಂಗತಿ ಮಾತ್ರ ಖಚಿತವಾಗಿ ನೆನಪಿದೆ. ಟಕಟಕ ಸದ್ದಿನ ನಡುವೆ ಕಣ್ಣು ಮುಚ್ಚಿ ಕುಳಿತಿರುತ್ತಿದ್ದ ಅವರು ಇದ್ದಕ್ಕಿದ್ದಂತೆ "ತಪ್ಪು!" ಎಂದು ಕೂಗುತ್ತಿದ್ದರು. ಸದ್ದಿನಿಂದಲೇ ಯಾರು ಯಾವ ಅಕ್ಷರ ತಪ್ಪು ಹೊಡೆದರೆಂದು ಅವರಿಗೆ ತಿಳಿಯುತ್ತದೆ ಎಂಬುದು ಇಡೀ ಊರಿನ ನಂಬಿಕೆ. ನಾನೂ ನಂಬಿದ್ದೆ. ಪ್ರತಿ ಸಲ ಆ ಕೂಗು ಬಂದಾಗಲೂ ನಾನು ತಪ್ಪು ಹೊಡೆದಿರುತ್ತಿದ್ದೆ. ಎಷ್ಟೋ ವರ್ಷದ ಮೇಲೆ, ನಾನು ಅದೇ ಊರಿನ ಕಾಲೇಜಿನಲ್ಲಿ ಪಾಠ ಹೇಳಲು ಸೇರಿದ ಮೇಲೆ, ಧೈರ್ಯ ಮಾಡಿ ಕೇಳಿದೆ. ಅವರು ನಕ್ಕರು.

"ಅಷ್ಟು ಜನ ಕೂತು ಹೊಡೀವಾಗ ಯಾರೋ ಒಬ್ರು ತಪ್ಪು ಹೊಡ್ದೇ ಇರ್ತಾರೆ. ನಾನು ಕೂಗ್ತೀನಿ. ಹೊಡೆದೋರು ಹೆದರ್ಕಂತಾರೆ. ಇದ್ರಾಗೆ ಕಿವಿ ಕೆಲ್ಸ ಏನೈತೆ?"

ಸಂಜೆ ಬಾಗಿಲು ಮುಚ್ಚುವ ಮುಂಚೆ ಅವರದೊಂದು ಕ್ರಮವಿತ್ತು. ಒಂದೊಂದೇ ಯಂತ್ರದ ಹತ್ತಿರ ಹೋಗಿ, ಕಾಗದ ಹಿಡಿಯುವ ರೋಲರಿನ ಸನ್ನೆಕೋಲನ್ನು ಸಡಿಲ ಮಾಡಿ, ರಿಬ್ಬನ್ನಿನ ಬಿಗಿ ತೆಗೆದು, ಆಮೇಲೆ ಬಟ್ಟೆ ಹೊದಿಸುತ್ತಿದ್ದರು. ಟಾರ್ಚಿನಿಂದ, ರೇಡಿಯೊದಿಂದ ಸೆಲ್ಲು ಬಿಚ್ಚಿ ಪಕ್ಕದಲ್ಲಿ ಮಲಗಿಸುತ್ತಿದ್ದರು. ಇದು ಅವರು ತವರಿನಿಂದ ತಂದದ್ದು. ಅವರ ಅಪ್ಪ ಮಗ್ಗ ಬಿಟ್ಟು ಏಳುವಾಗ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳನ್ನು ಸಡಿಲ ಬಿಟ್ಟೇ ಏಳುತ್ತಿದ್ದರಂತೆ. "ಬಿಗಿದಿಟ್ಟು ಮಲಗಿದ್ರೆ ಬೆಳಗಾಗೋದ್ರಾಗೆ ಎಳೆ ಕಿತ್ಕಂಡಿರ್ತೈತೆ. ಕೆಲ್ಸ ಮುಗೀತಾ, ಬಿಟ್ಬಿಡ್ಬೇಕು. ಅದೂ ಮಲಗ್ಲಿ, ನೀನೂ ಮಲಗು," ಎನ್ನುತ್ತಿದ್ದರು ಮೇಡಂ.

ಇಸವಿ ಎರಡು ಸಾವಿರದ ನಂತರ ಟೈಪ್‌ರೈಟರುಗಳು ಗೋಡೆಗೆ ಸರಿದವು. ನಡುವೆ ಕಂಪ್ಯೂಟರುಗಳು ಬಂದವು. ಐವತ್ತು ದಾಟಿದ್ದ ಮೇಡಂ ಚಿತ್ರದುರ್ಗಕ್ಕೆ ಹೋಗಿ ಕಲಿತು ಬಂದರು. ಮೌಸನ್ನು ಅವರು ಲಾಳಿ ಎನ್ನುತ್ತಿದ್ದರು, ಮಗ್ಗದಲ್ಲಿ ಆ ಕಡೆಯಿಂದ ಈ ಕಡೆಗೆ ನೂಲು ಒಯ್ಯುವ ಲಾಳಿ. ಹಳ್ಳಿಯ ಹುಡುಗಿಯರು ಮೌಸನ್ನು ಮೇಜಿನಿಂದ ಮೇಲೆತ್ತಿ ಪರದೆಗೆ ಹಿಡಿದರೆ, "ಲಾಳಿ ಹಾರಿಸ್ಬೇಡ್ರೇ, ಜಾರಿಸ್ರೇ," ಎಂದು ಗದರುತ್ತಿದ್ದರು. ಪರದೆಗೂ ಹಳೆಯ ನಿಯಮವೇ. ಕೈ ನೋಡಬಾರದು, ಪರದೆಯ ಮೇಲೆ ಓಡುವ ಬಾಣ ನೋಡಬೇಕು.

ಆಮೇಲೆ ಒಂದು ಬೆಳಿಗ್ಗೆ ಅವರಿಗೆ ಲಕ್ವ ಹೊಡೆಯಿತು. ಬಲಗೈ ಪೂರ್ತಿ ಹೋಯಿತು. ಕಾಲು ಎಳೆಯುತ್ತ ನಡೆಯುವಷ್ಟು ಉಳಿಯಿತು. ಮಾತು, ಪುಣ್ಯಕ್ಕೆ, ಇದ್ದಂತೆಯೇ ಇತ್ತು. ಒಂಟಿಯಾಗಿದ್ದ ಅವರನ್ನು ಅವರ ತಮ್ಮ ಬಂದು ಮೊಳಕಾಲ್ಮೂರಿಗೆ ಕರೆದುಕೊಂಡು ಹೋದರು. ಕೆಲವು ತಿಂಗಳ ನಂತರ ನಾನು ನೋಡಲು ಹೋದಾಗ ಪಡಸಾಲೆಯಲ್ಲಿ ಮಗ್ಗ ನಡೆಯುತ್ತಿತ್ತು. ಗೋಡೆಗೆ ಒರಗಿ ಕುಳಿತಿದ್ದ ಅವರು ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದರು. ಮಗುವಿಗೆ ಹಾಲು ಕೊಡುತ್ತಿದ್ದಾರೇನೋ ಎನ್ನುವ ಹಾಗೆ. ನಾನು ಕೈ ಕಡೆ ನೋಡಿದೆ. ಅವರು ನನ್ನ ಕಡೆ ನೋಡಿದರು. ನಾನು ಮಗ್ಗದ ಕಡೆ ನೋಡಿದೆ.

"ಚಳ್ಳಕೆರೆಗೆ ಹೋಗ್ತೀನಿ," ಎಂದರು.

ಸೀರೆ ಅಳೆಯುತ್ತಿದ್ದ ತಮ್ಮ ಅದನ್ನು ಕೆಳಗಿಟ್ಟರು. ಆಂಧ್ರದ ವ್ಯಾಪಾರಿಗಳ ಜೊತೆ ಮಾತಾಡಿ ಮಾತಾಡಿ ಅವರ ಬಾಯಲ್ಲಿ ತೆಲುಗು ನುಸುಳುತ್ತಿತ್ತು. "ಎಂದುಕಕ್ಕಾ, ಯಾಕೆ ಈ ತಾಪತ್ರಯ? ಇಲ್ಲೇ ಇರು. ಹೊತ್ತಿಗೆ ಸರಿಯಾಗಿ ಬಿಸಿ ಮುದ್ದೆ ಐತೆ."

"ಮುದ್ದೆ ತಿನ್ನಾಕೆ ಬಲಗೈ ಬೇಕಲ್ಲೋ."

"ನಾನಿಲ್ವಾ ತಿನ್ಸಾಕೆ?"

"ಅದಕ್ಕೇ ಹೋಗ್ತೀನಿ ಅಂತಿರೋದು."

ತಮ್ಮನಿಗೆ ಕಣ್ಣಲ್ಲಿ ನೀರು ಬಂತು. ಅದನ್ನು ಕಂಡು ಮೇಡಂ ಸ್ವಲ್ಪ ಮೆತ್ತಗಾದರು. ಅಲ್ಲೇ ಒಂದು ಒಪ್ಪಂದವಾಯಿತು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಹೊಸ ಬ್ಯಾಚು ಸೇರುತ್ತದಲ್ಲ, ಅದರ ಮೊದಲ ಪಾಠವನ್ನು ಮೇಡಂ ಶುರುವಿನಿಂದ ಕೊನೆಯ ತನಕ ತಾವೇ ಮಾಡಬೇಕು. "ನಡುವೆ ಯಾರಾನ ಕೈ ಹಾಕಿದ್ರೋ, ಅವತ್ತೇ ಬೀಗ ಜಡಿದು ನಿನ್ ಜೊತಿ ಬಸ್ ಹತ್ತುತೀನಿ. ಸರೀನಾ?"

"ಸರಿ," ಎಂದರು ತಮ್ಮ, ಗೆದ್ದವರ ಹಾಗೆ. ಅಕ್ಕನಿಗೆ ಆಗುವುದಿಲ್ಲ ಎಂದು ಅವರಿಗೆ ಖಾತ್ರಿಯಿತ್ತು. ನಿಜ ಹೇಳಬೇಕೆಂದರೆ ನನಗೂ ಇತ್ತು.

ಚಳ್ಳಕೆರೆಗೆ ಬಂದ ಮೇಲೆ ಎಡಗೈಯಿಂದ ಟೈಪ್ ಮಾಡುವುದನ್ನು ಅವರು ಬೇಗ ರೂಢಿಸಿಕೊಂಡರು. ತೊಂದರೆ ಕೊಟ್ಟದ್ದು ಮೌಸು. ಅದರ ದಾರ ಮೇಜಿನ ಬಲಗಡೆಯಿಂದ ಬರುತ್ತಿತ್ತು. ಜೀವವಿಲ್ಲದ ಬಲಗೈ ಜಾರಿ ಆ ದಾರದ ಮೇಲೆಯೇ ಬಿದ್ದಿರುತ್ತಿತ್ತು, ಅವರಿಗೆ ತಿಳಿಯುತ್ತಿರಲಿಲ್ಲ. ಎಡಗೈಯಲ್ಲಿ ಮೌಸು ಎಳೆದರೆ ಬರುತ್ತಿರಲಿಲ್ಲ. ಯಾಕೆಂದು ಬಗ್ಗಿ ನೋಡಿದರೆ ತಮ್ಮದೇ ಕೈ.

"ನೋಡೇ, ನನ್ ದಾರಿಗೆ ನಾನೇ ಅಡ್ಡ ಮಲಗೀನಿ," ಎಂದು ಅವರು ನಕ್ಕರು. ನನಗೆ ನಗಲು ಆಗಲಿಲ್ಲ.

ಮೌಲ್ಯಮಾಪನದ ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದಾಗ ದಾರವಿಲ್ಲದ ಮೌಸು ತಂದೆ. ಆಗ ಅದು ನಮ್ಮ ಕಡೆ ಅಪರೂಪ. ಕಂಪ್ಯೂಟರಿಗೆ ವಯರಿನಿಂದ ಸಿಕ್ಕಿಸುವ ಒಂದು ಪುಟ್ಟ ಡಬ್ಬಿ, ಸೆಲ್ಲು ಹಾಕುವ ಮೌಸು. ಡಬ್ಬಿಯ ಮೇಲೊಂದು ಗುಂಡಿ. ಅದನ್ನು ಒತ್ತಿದರೆ ಒಂದು ದೀಪ ಮಿಣುಕುತ್ತದೆ. ದೀಪ ಆರುವುದರೊಳಗೆ ಮೌಸನ್ನು ಮಗುಚಿ, ಅದರ ಹೊಟ್ಟೆಯ ಸಣ್ಣ ತೂತಿಗೆ ಮೊನೆಯಾದ್ದೇನನ್ನಾದರೂ ಚುಚ್ಚಬೇಕು. ಆಗ ಎರಡಕ್ಕೂ ಪರಿಚಯವಾಗುತ್ತದೆ.

"ದಾರ ಇಲ್ದಂಗೆ ಏನು ನೇಯ್ತೀಯೇ?" ಎಂದು ಅನುಮಾನದಿಂದ ನೋಡುತ್ತಿದ್ದವರು, ನಾನು ಚುಚ್ಚಿದ್ದೇ ಬಾಣ ಓಡಾಡತೊಡಗಿದಾಗ ಮಗುವಿನ ಹಾಗೆ ಹಿಗ್ಗಿದರು. ಮೇಜಿನ ಮೇಲೆ, ರಟ್ಟಿನ ಮೇಲೆ, ಕೊನೆಗೆ ತೊಡೆಯ ಮೇಲೂ ಆಡಿಸಿ ನೋಡಿದರು.

ಮರುದಿನ ಬೆಳಿಗ್ಗೆ ಕಾಲೇಜಿಗೆ ಫೋನ್ ಬಂತು. "ನಿನ್ ಲಾಳಿ ಸತ್ತೈತೆ ಬಾ."

ಹೋಗಿ ನೋಡಿದೆ. ಬಾಣ ಅಲ್ಲಾಡಲಿಲ್ಲ. ಸೆಲ್ಲು ಬದಲಿಸಿದೆ. ಡಬ್ಬಿಯನ್ನು ಬೇರೆ ಕಿಂಡಿಗೆ ಸಿಕ್ಕಿಸಿದೆ. ಕಂಪ್ಯೂಟರ್ ಆರಿಸಿ ಹಚ್ಚಿದೆ. ಕೊನೆಗೆ ಗುಂಡಿ ಒತ್ತಿ ತೂತಿಗೆ ಚುಚ್ಚಿದೆ, ಜೀವ ಬಂತು. ಮಾರನೆಯ ಬೆಳಿಗ್ಗೆ ಮತ್ತೆ ಸತ್ತಿತ್ತು. ಅಕ್ಕನನ್ನು ನೋಡಲು ಬಂದಿದ್ದ ತಮ್ಮ, ಟ್ಯೂಬ್‌ಲೈಟಿನ ಮೇಲೆ ತಪ್ಪು ಹೊರಿಸಿದರು. ನಾನು ಎಣ್ಣೆ ಮಿಲ್ಲಿನ ಮೋಟರಿನ ಮೇಲೆ. ವಿಜ್ಞಾನ ಓದಿದವಳಲ್ಲದಿದ್ದರೂ ವಿಜ್ಞಾನದ ದನಿಯಲ್ಲಿ ಏನೇನೋ ವಿವರಿಸಿದೆ. ಮೋಟರು ನಿಲ್ಲುವ ಹೊತ್ತಿನಲ್ಲಿ ಪರೀಕ್ಷಿಸಿದೆವು. ಟ್ಯೂಬ್‌ಲೈಟು ಆರಿಸಿ ಕತ್ತಲಲ್ಲಿ ಕುಳಿತೆವು. ಹಗಲಿಡೀ ಏನೂ ಆಗುತ್ತಿರಲಿಲ್ಲ. ಬೆಳಗಾದರೆ ಅದು ಡಬ್ಬಿಯ ಗುರುತು ಮರೆತಿರುತ್ತಿತ್ತು.

ಒಂದು ಸಂಜೆ ನಾನು ಅಲ್ಲೇ ಇದ್ದೆ. ಮೇಡಂ ಎದ್ದು, ಕಾಲೆಳೆಯುತ್ತ, ಗೋಡೆ ಬದಿಯ ಹಳೆಯ ಯಂತ್ರಗಳ ಸನ್ನೆಕೋಲುಗಳನ್ನು ಒಂದೊಂದಾಗಿ ಸಡಿಲಿಸಿದರು. ಆಮೇಲೆ ಮೇಜಿಗೆ ಬಂದು, ಮೌಸನ್ನು ತೊಡೆಗಳ ನಡುವೆ ಒತ್ತಿಕೊಂಡು, ಹೊಟ್ಟೆಯ ಮುಚ್ಚಳ ತೆಗೆದು, ಸೆಲ್ಲುಗಳನ್ನು ಬಿಚ್ಚಿ, ಟಾರ್ಚಿನ ಸೆಲ್ಲುಗಳ ಪಕ್ಕದಲ್ಲಿ ಮಲಗಿಸಿದರು.

"ಮೇಡಂ! ದಿನಾ ಹಿಂಗೇ ಮಾಡ್ತೀರಾ?"

"ಮತ್ತೆ? ಬಿಗಿದಿಟ್ಟೇ ಮಲಗ್ಲಾ?"

ನಾನು ತಲೆ ಚಚ್ಚಿಕೊಂಡು ವಿವರಿಸಿದೆ. ಸೆಲ್ಲು ತೆಗೆದರೆ ಇದು ಹಳೆಯ ಗುರುತೆಲ್ಲ ಮರೆಯುತ್ತದೆ, ಸೆಲ್ಲು ಒಳಗೇ ಇರಲಿ ಎಂದೆ. ಅವರು ಒಪ್ಪಲಿಲ್ಲ. ಬೇಡಿಕೊಂಡೆ, ಒಪ್ಪಲಿಲ್ಲ. ಕೊನೆಗೆ ಕುರ್ಚಿಯಲ್ಲಿ ಕುಳಿತು, ದನಿ ತಗ್ಗಿಸಿ ಹೇಳಿದರು.

"ಲಕ್ವ ಹೊಡೀತಲ್ಲ, ಹಿಂದಿನ್ ದಿನ ಸಂಜಿ ತಲೆ ನೋವು ಅಂತ ಹಂಗೇ ಬೀಗ ಹಾಕಿ ಹೋಗಿದ್ದೆ ಕಣೇ. ಒಂದೂ ಮಿಷನ್ನು ಸಡಿಲ ಮಾಡಿರ್ಲಿಲ್ಲ. ಬೆಳಿಗ್ಗೆ ಎಳೆ ಕಿತ್ಕಂಡಿತ್ತು."

ಅವರು ಅದನ್ನು ನಿಜಕ್ಕೂ ನಂಬಿದ್ದರೋ, ನನ್ನ ಬಾಯಿ ಮುಚ್ಚಿಸಲು ಹೇಳಿದರೋ, ಇವತ್ತಿಗೂ ತಿಳಿಯದು. "ತಪ್ಪು!" ಎಂದು ಕೂಗಿ ಊರನ್ನು ಹೆದರಿಸಿದ್ದವರಲ್ಲವೇ? ಆದರೆ ಆ ಸಂಜೆ ಅವರು ನಗುತ್ತಿರಲಿಲ್ಲ.

"ಹಂಗಾದ್ರೆ ದಿನಾ ಬೆಳಿಗ್ಗೆ ಎರಡನ್ನೂ ಜೋಡಿಸ್ಬೇಕಾಗುತ್ತೆ ಮೇಡಂ."

"ಜೋಡಿಸಿದ್ರಾತು. ನಮ್ಮನ್ಯಾಗೆ ಹಳೇ ಹಾಸು ಮುಗುದ್ ಕೂಡ್ಲೇ ಹೊಸಾದರ ಎಳೆ ಒಂದೊಂದೇ ಅದರ ತುದಿಗೆ ಸೇರ್ಸಿ ಕೆಚ್ತಿದ್ವಿ. ಸಾವಿರಾರು ಎಳೆ. ಇದು ಒಂದೇ ಅಲ್ವೇನೇ? ನಾನೇ ಕೆಚ್ತೀನಿ."

ಹೇಳಿದಷ್ಟು ಸುಲಭವಿರಲಿಲ್ಲ. ಟೈಪ್‌ರೈಟರಿನ ಅಚ್ಚಿನಲ್ಲಿ ಕಟ್ಟಿಕೊಂಡ ಶಾಯಿ ತೆಗೆಯಲು ಅವರ ಹತ್ತಿರ ಒಂದು ಉದ್ದನೆಯ ಪಿನ್ನಿತ್ತು. ಅದು ಆ ತೂತಿಗೆ ಸರಿಯಾಗಿತ್ತು. ಆದರೆ ಎಡಗೈ ಡಬ್ಬಿಯ ಗುಂಡಿ ಒತ್ತಿ, ಮೌಸನ್ನು ಮಗುಚಿ, ಪಿನ್ನು ಹಿಡಿದು ಚುಚ್ಚುವಷ್ಟರಲ್ಲಿ ಮೌಸು ಜಾರುತ್ತಿತ್ತು. ಅದನ್ನು ಹಿಡಿಯಲು ಇನ್ನೊಂದು ಕೈ ಬೇಕು. ತೊಡೆಗಳ ನಡುವೆ ಒತ್ತಿಕೊಂಡರೆ ತೂತು ಕಾಣುತ್ತಿರಲಿಲ್ಲ, ಅಷ್ಟರಲ್ಲಿ ದೀಪ ಆರುತ್ತಿತ್ತು. ಹೊಸ ಬ್ಯಾಚಿನ ಹಿಂದಿನ ದಿನ, ಭಾನುವಾರ, ನಾನು ಎದುರು ಕುಳಿತಿದ್ದೆ. ಒಂದು ಸಲವೂ ಆಗಲಿಲ್ಲ. ಅವರ ಹಣೆ ಬೆವರಿತ್ತು.

"ನಾಳೆ ಬೆಳಿಗ್ಗೆ ಬೇಗ ಬಂದು ನಾನೇ ಜೋಡಿಸಿಟ್ಟುಬಿಡ್ತೀನಿ," ಎಂದೆ. "ಯಾರಿಗೂ ಗೊತ್ತಾಗಲ್ಲ."

"ನಂಗೆ ಗೊತ್ತಾಗ್ತೈತಲ್ಲೇ."

ಪಿನ್ನನ್ನು ಮೇಜಿನ ಮೇಲಿಟ್ಟು, "ನೀನು ಮನೆಗೆ ಹೋಗು," ಎಂದರು. "ನೀ ನೋಡ್ತಾ ಕೂತ್ರೆ ಆಗಲ್ಲ."

ಸೋಮವಾರ ನಾನು ಹೋಗುವಷ್ಟರಲ್ಲಿ ಕೋಣೆ ತುಂಬಿತ್ತು. ದೇವಸಮುದ್ರದ ಕಡೆಯಿಂದ ಬಸ್ಸಿನಲ್ಲಿ ಬಂದ ಹುಡುಗಿಯರು, ಊರಿನ ಕೆಲವು ಹುಡುಗರು. ಮುಂದಿನ ಬೆಂಚಿನಲ್ಲಿ ದೊಡ್ಡಉಳ್ಳಾರ್ತಿಯ ಹುಡುಗಿಯೊಬ್ಬಳು. ಊರಾಚೆಯ ಕಾವಲಿನ ಹುಲ್ಲಲ್ಲಿ ಕುರಿ ಮೇಯಿಸುವ ಮನೆಯವಳು, ಬಾಯಿ ಜೋರು. ಬಾಗಿಲಲ್ಲಿ ತಮ್ಮ ನಿಂತಿದ್ದರು. ಕೈಯಲ್ಲಿ ಹೊಸ ಬೀಗ. ನನ್ನನ್ನು ಕಂಡು ಅದನ್ನು ಜೇಬಿಗೆ ಹಾಕಿಕೊಳ್ಳಲು ನೋಡಿದರು, ಅದು ಜೇಬಿನಲ್ಲಿ ಹಿಡಿಯಲಿಲ್ಲ.

ಮೇಡಂ ಬಾಗಿಲ ಪಕ್ಕದ ತಮ್ಮ ಕುರ್ಚಿಯಲ್ಲಿ, ಎಲ್ಲರ ಹಿಂದೆ. ಪಾಠ ಹೇಳುವಾಗ ಅವರು ಕೂರುತ್ತಿದ್ದದ್ದೇ ಹಾಗೆ, ಮಕ್ಕಳ ಬೆನ್ನ ಹಿಂದೆ. ಕಂಪ್ಯೂಟರು ಮುಂದಿನ ಗೋಡೆಯ ಹತ್ತಿರ, ಎಲ್ಲರಿಗೂ ಕಾಣುವ ಹಾಗೆ. ಡಬ್ಬಿಯ ವಯರನ್ನು ಇನ್ನೊಂದು ವಯರಿಗೆ ಜೋಡಿಸಿ ಉದ್ದ ಮಾಡಿ, ತಮ್ಮ ಮೇಜಿನ ತನಕ ತರಿಸಿಕೊಂಡಿದ್ದರು. ದಾರವಿಲ್ಲದ ಮೌಸಿಗೆ ಇಷ್ಟುದ್ದ ದಾರ! ಸೆಲ್ಲುಗಳನ್ನು ಅವರು ಆಗಲೇ ಹಾಕಿದ್ದರು. ಮುಂದೆ, ಪರದೆಯ ನಡುವೆ, ಬಾಣ ಕದಲದೆ ನಿಂತಿತ್ತು.

"ಮೇಡಂ, ನಿಮ್ ಇಲಿಗೆ ಬಾಲಾನೇ ಇಲ್ವಲ್ಲ," ಎಂದಳು ಕುರಿಮನೆಯ ಹುಡುಗಿ, ತಿರುಗಿ. ಎಲ್ಲರೂ ನಕ್ಕು ತಿರುಗಿದರು.

"ಮುಂದೆ ತಿರುಗ್ರಿ," ಎಂದರು ಮೇಡಂ. "ಮೊದಲ್ನೇ ಪಾಠ ಇದೇ. ಕೈ ನೋಡ್ಬಾರ್ದು. ಯಾರ ಕೈಯೂ ನೋಡ್ಬಾರ್ದು. ನೋಡಿದ್ರೆ ಕೈ ನಾಚ್ಕಂತೈತೆ. ಪರದೆ ನೋಡ್ರಿ."

ಎಲ್ಲರೂ ತಿರುಗಿದರು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನಾನೂ ತಿರುಗಿದೆ.

ಗುಂಡಿ ಒತ್ತಿದ ಸಣ್ಣ ಸದ್ದು ಕೇಳಿತು. ಮೌಸು ಮೇಜಿಗೆ ತಾಗಿದ ಸದ್ದು. ಆಮೇಲೆ ಪಿನ್ನು ನೆಲಕ್ಕೆ ಬಿದ್ದ ಸದ್ದು. ಅದು ಉರುಳಿ ನನ್ನ ಕಾಲ ಹತ್ತಿರವೇ ಬಂದು ನಿಂತಿತು ಎಂದು ನನ್ನ ನೆನಪು. ಪಿನ್ನು ಅಷ್ಟು ದೂರ ಉರುಳುತ್ತದೆಯೇ? ನನ್ನ ಮುಂದಿದ್ದ ಹುಡುಗಿ ಎತ್ತಿಕೊಡಲು ಅರ್ಧ ಎದ್ದಳು.

"ಕೂತ್ಕಳೇ."

ಕೂತಳು. ಕುರ್ಚಿ ಕಿರುಗುಟ್ಟಿತು. ಕಾಲೆಳೆಯುವ ಸದ್ದು. ಏದುಸಿರು. ಮತ್ತೆ ಕುರ್ಚಿ. ಬಾಗಿಲಲ್ಲಿ ಬೀಗದ ಕೈ ಒಮ್ಮೆ ಝಣ್ ಎಂದು ಸುಮ್ಮನಾಯಿತು. ಗೋಡೆಯಾಚೆ ಮಿಲ್ಲು ಓಡುತ್ತಿತ್ತು. ಗುಂಡಿಯ ಸದ್ದು ಎರಡನೆಯ ಸಲ ಕೇಳಿತು. ಬಾಣವನ್ನೇ ನೋಡಿ ನೋಡಿ ನನ್ನ ಕಣ್ಣಲ್ಲಿ ನೀರಾಡಿ, ಅದು ಎರಡಾಗಿ ಕಾಣತೊಡಗಿತು. ಹಾಗಾಗಿ ಅದು ಮೊದಲು ಕದಲಿದಾಗ ನನ್ನ ಕಣ್ಣೇ ಕದಲಿತು ಅಂದುಕೊಂಡೆ.

ಬಾಣ ಕುಡಿದವರ ಹಾಗೆ ತೂಗಾಡುತ್ತ ಪರದೆಯ ಮೂಲೆಗೆ ಹೋಯಿತು. ಅಲ್ಲಿಂದ ಸಾವರಿಸಿಕೊಂಡು ನಡುವಿಗೆ ಬಂತು.

"ಇದು ಬಾಣ," ಎಂದರು ಹಿಂದಿನಿಂದ, ಏನೂ ಆಗದವರ ಹಾಗೆ. "ಎಲ್ಲಿಗೆ ಹೋಗ್ಬೇಕೋ ಅಲ್ಲಿ ನೋಡ್ರಿ. ಕೈ ತಾನಾಗೇ ಬರ್ತೈತೆ."

ಪಾಠ ಮುಗಿದ ಮೇಲೆ ತಮ್ಮ ಒಳಗೆ ಬಂದು, ಹೊಸ ಬೀಗವನ್ನು ಅಕ್ಕನ ಮೇಜಿನ ಮೇಲಿಟ್ಟು, "ರಾತ್ರಿ ಹಾಕ್ಕಳಾಕೆ ಇರ್ಲಿ ಅಂತ ತಂದೆ. ಹಳೇದು ತುಕ್ಕು ಹಿಡ್ದೈತೆ," ಎಂದರು. ಮೇಡಂ ಅದನ್ನು ನಂಬಿದವರ ಹಾಗೆ ತಲೆಯಾಡಿಸಿದರು. ಬಸ್ಸಿಗೆ ಹೊರಟವರನ್ನು ನಿಲ್ಲಿಸಿ, "ಮುಂದಿನ್ ಸಲಾ ಬರುವಾಗ ಸೀರೆ ಡಬ್ಬಿ ಮುಚ್ಚಳ ತಗಂಬಾರೋ," ಎಂದರು.

ಅದಾದ ಮೇಲೆ ಎಷ್ಟೋ ಬ್ಯಾಚುಗಳು ಕಲಿತು ಹೋದವು. ತೀರಾ ಆಗದಾದಾಗಷ್ಟೇ, ಕೊನೆಯ ಸ್ವಲ್ಪ ಕಾಲ, ಅವರು ಮೊಳಕಾಲ್ಮೂರಿನಲ್ಲಿದ್ದರು. ತಮ್ಮನ ಕೈಯಿಂದ ಮುದ್ದೆ ತಿಂದರೋ ಇಲ್ಲವೋ, ನಾನು ಕೇಳಲಿಲ್ಲ.

ತಿಥಿಯ ದಿನ ಪಡಸಾಲೆಯಲ್ಲಿ ಊಟಕ್ಕೆ ಕುಳಿತಾಗ ಆ ಸೋಮವಾರದ ಮಾತು ಬಂತು. ದೊಡ್ಡಉಳ್ಳಾರ್ತಿಯ ಹುಡುಗಿ, ಈಗ ಯಾವುದೋ ಕಚೇರಿಯಲ್ಲಿರುವವಳು, ಮೇಡಂ ಪಿನ್ನನ್ನು ಹಲ್ಲಲ್ಲಿ ಕಚ್ಚಿಕೊಂಡು ಚುಚ್ಚಿದರು ಎಂದಳು. ಅವಳ ಪಕ್ಕ ಕೂತಿದ್ದ ಅದೇ ಬ್ಯಾಚಿನವನು ಇಲ್ಲವೇ ಇಲ್ಲ ಎಂದ. ಆ ಹೊತ್ತು ಮಾತ್ರ ಬಲಗೈಗೆ ಜೀವ ಬಂದಿತ್ತು, ಅದೇ ಮೌಸು ಹಿಡಿದಿತ್ತು ಎಂದು ವಾದಿಸಿದ.

"ನೀ ನೋಡಿದ್ಯೇನೋ?"

"ನೀ ನೋಡಿದ್ಯೇನೇ?"

ಇಬ್ಬರೂ ನೋಡಿರಲಿಲ್ಲ. ನನ್ನ ಕಡೆ ತಿರುಗಿದರು. ನಾನೂ ಇಲ್ಲವೆಂದೆ. ಆಗ ನನಗೆ ಹೊಳೆಯಿತು, ಅವತ್ತು ಬಾಗಿಲಲ್ಲಿ, ಮೇಡಂ ಪಕ್ಕಕ್ಕೇ, ನಿಂತಿದ್ದವರು ಒಬ್ಬರಿದ್ದರು. ಮೇಡಂ ಅವರ ತಮ್ಮ, ಅನ್ನದ ಪಾತ್ರೆ ಹಿಡಿದು ಸಾಲಿನಲ್ಲಿ ಬಡಿಸುತ್ತ ಬರುತ್ತಿದ್ದರು. ಅವರು ಅಲ್ಲಿ ಕಲಿತವರಲ್ಲ, ಅವರಿಗೆ ಯಾವ ನಿಯಮವೂ ಇರಲಿಲ್ಲ.

"ನೀವು ಹತ್ರಾನೇ ನಿಂತಿದ್ರಲ್ಲಾ ಅಣ್ಣಾ," ಎಂದೆ. "ಹೆಂಗೆ ಮಾಡಿದ್ರು?"

ಅವರು ನನ್ನ ಎಲೆಗೆ ಒಂದು ಸೌಟು ಅನ್ನ ಹಾಕಿದರು.

"ನಾನೂ ಪರದೇನೇ ನೋಡ್ತಿದ್ದೆ ಕಣಮ್ಮ," ಎಂದು ಹೇಳಿ, ಮುಂದಿನ ಎಲೆಗೆ ಹೋದರು.